20 ಮೀಟರಿನಿಂದ 50ಕ್ಕೆ: ಸೈಟ್ ಇಲ್ಲದ ಬಿಲ್ಲಿನಲ್ಲಿ ದೂರದ ಗುರಿ ಕಲಿತ ಅನುಭವ

ಕಳೆದ ವಾರ 50 ಮೀಟರಿನಲ್ಲಿ 72 ಬಾಣಗಳ ಒಂದು ಪೂರ್ತಿ ರೌಂಡ್ ಮುಗಿಸಿದೆ. ಗುರಿ ಹಿಡಿಯಲು ಸೈಟ್ ಇಲ್ಲ, ಬಿಲ್ಲು ಅಲುಗದ ಹಾಗೆ ತಡೆಯುವ ಸ್ಟೆಬಿಲೈಸರ್ ಕಡ್ಡಿ ಇಲ್ಲ, ಪೂರ್ತಿ ಎಳೆದಾಗ ಸದ್ದು ಮಾಡಿ ತಿಳಿಸುವ ಕ್ಲಿಕ್ಕರ್ ಇಲ್ಲ. ಎಳೆಯಲು 35 ಪೌಂಡ್ ಬಲ ಬೇಕಾಗುವ ಮರದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು, ಗರಿ ಅಂಟಿಸಿದ ಬಾಣಗಳು, ಬೆರಳಿಗೆ ಒಂದು ಚರ್ಮದ ಟ್ಯಾಬ್, ಅಷ್ಟೇ. ಗುರಿ 122 ಸೆಂಟಿಮೀಟರ್ ಅಗಲದ ಹಾಳೆ. ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯವರು ಬೇರ್‌ಬೋ (ಇಂಥ ಸಲಕರಣೆ ಇಲ್ಲದ ಬಿಲ್ಲಿನ) ವಿಭಾಗಕ್ಕೆ ಇಟ್ಟಿರುವ ದೂರ ಮತ್ತು ಹಾಳೆ ಇದೇ. 20 ಮೀಟರಿನಲ್ಲಿ ಚೆನ್ನಾಗಿ ಹೊಡೆಯುವವರು 50ಕ್ಕೆ ಹೋದಾಗ ಏಕೆ ಕಂಗೆಡುತ್ತಾರೆ, ಅಲ್ಲಿಂದ ಹೇಗೆ ಮುಂದೆ ಹೋಗಬಹುದು ಅನ್ನುವುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ದೂರಕ್ಕೆ ಹೋಗುವ ಮೊದಲು ಒಂದು ಲೆಕ್ಕ ತಿಳಿದಿದ್ದರೆ ಒಳ್ಳೆಯದು. ನನ್ನ ಬಿಲ್ಲಿನಿಂದ ಬಾಣ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಹೊರಡುತ್ತದೆ. 20 ಮೀಟರ್ ಮುಟ್ಟಲು ಅದಕ್ಕೆ 0.4 ಸೆಕೆಂಡ್ ಸಾಕು. ಅಷ್ಟರಲ್ಲಿ ಭೂಮಿ ಅದನ್ನು ಸುಮಾರು 80 ಸೆಂಟಿಮೀಟರ್ ಕೆಳಗೆ ಎಳೆಯುತ್ತದೆ. 50 ಮೀಟರಿಗೆ ಒಂದು ಸೆಕೆಂಡ್ ಬೇಕು. ಆಗ ಇಳಿತ ಸುಮಾರು 5 ಮೀಟರ್. ದೂರ ಎರಡೂವರೆ ಪಟ್ಟು, ಇಳಿತ ಆರು ಪಟ್ಟಿಗಿಂತ ಜಾಸ್ತಿ. ಹೆದೆಯನ್ನು ಅರ್ಧ ಇಂಚು ಕಡಿಮೆ ಎಳೆದರೆ ವೇಗ ಶೇಕಡಾ 2ರಷ್ಟು ಇಳಿಯುತ್ತದೆ. 20 ಮೀಟರಿನಲ್ಲಿ ಅದು 3 ಸೆಂಟಿಮೀಟರಿನ ವ್ಯತ್ಯಾಸ, ಕಣ್ಣಿಗೂ ಬೀಳುವುದಿಲ್ಲ. 50ರಲ್ಲಿ ಅದೇ ಅರ್ಧ ಇಂಚು 20 ಸೆಂಟಿಮೀಟರ್ ಕೆಳಗೆ ತಂದು ಹಾಕುತ್ತದೆ. ಹತ್ತಿರದಲ್ಲಿ ಮುಚ್ಚಿಹೋಗುವುದೆಲ್ಲ ದೂರದಲ್ಲಿ ಹಾಳೆಯ ಮೇಲೆ ಕಾಣುತ್ತದೆ. ಹಾಗಾಗಿ ನನ್ನ ಹೆಚ್ಚಿನ ಸಮಯ ಹೋಗಿದ್ದು ಗುರಿ ಹಿಡಿಯುವುದಕ್ಕಲ್ಲ. ಪ್ರತಿ ಬಾಣವೂ ಒಂದೇ ತರಹ ಹೊರಡುವ ಹಾಗೆ ಮಾಡುವುದಕ್ಕೆ.

ನಾವು ಅಭ್ಯಾಸ ಮಾಡುವ ಮೈದಾನದಲ್ಲಿ ಒಂದು ಕಟ್ಟುನಿಟ್ಟು ಇದೆ. 30 ಮೀಟರಿನಲ್ಲಿ ಬಾಣಗಳ ಗುಂಪು ಇಂತಿಷ್ಟು ಅಗಲದೊಳಗೆ ಬೀಳದೆ 50ರ ಗೆರೆಗೆ ಬಿಡುವುದಿಲ್ಲ. ಮೊದಲು ಇದು ಸುಮ್ನೆ ಕಾಯಿಸುವುದು ಅನ್ನಿಸಿತ್ತು. ಈಗ ಆ ನಿಯಮ ಎಲ್ಲ ಕಡೆಯೂ ಇರಬೇಕು ಅನ್ನಿಸುತ್ತದೆ. ಟಾರ್ಗೆಟ್ ತಪ್ಪಿದ ಬಾಣ ಹುಲ್ಲಿನೊಳಗೆ ನುಗ್ಗಿದರೆ ಹುಡುಕುವುದೇ ಅರ್ಧ ದಿನದ ಕೆಲಸ. ಹಿಂದೆ ಯಾರಾದರೂ ಓಡಾಡುತ್ತಿದ್ದರೆ ಅಪಾಯ ಬೇರೆ. ನಿಮ್ಮಲ್ಲಿ ಇಂಥ ನಿಯಮ ಇಲ್ಲದಿದ್ದರೆ ನೀವೇ ಹಾಕಿಕೊಳ್ಳಿ. 5 ಮೀಟರ್, 10 ಮೀಟರ್ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ.

ಮೊದಲು ಕೈಹಾಕಿದ್ದು ಬಾಣಗಳಿಗೆ. ನನ್ನ ಹತ್ತಿರ ಇದ್ದದ್ದು ಮರದ ಬಾಣಗಳು. ಚಿಕ್ಕ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿದಾಗ ಅತಿ ಹಗುರ ಮತ್ತು ಅತಿ ಭಾರದ ಬಾಣಗಳ ನಡುವೆ ಸುಮಾರು 40 ಗ್ರೇನ್, ಅಂದರೆ ಎರಡೂವರೆ ಗ್ರಾಂ ವ್ಯತ್ಯಾಸ ಸಿಕ್ಕಿತು. ಎರಡೂವರೆ ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ 400 ಗ್ರೇನಿನ ಬಾಣಕ್ಕೆ ಅದು ಹತ್ತನೇ ಒಂದು ಭಾಗ. 50 ಮೀಟರಿನಲ್ಲಿ ಭಾರದ ಬಾಣ ಹಗುರದ್ದಕ್ಕಿಂತ 30-40 ಸೆಂಟಿಮೀಟರ್ ಕೆಳಗೆ ಬೀಳಲು ಅಷ್ಟು ಸಾಕು. ಎಷ್ಟೇ ಚೆನ್ನಾಗಿ ಬಿಟ್ಟರೂ ಆ ಬಾಣಗಳು ಒಂದು ಕಡೆ ಸೇರುವ ಹಾಗೆಯೇ ಇರಲಿಲ್ಲ. ಮರದ್ದರಲ್ಲೇ ತೂಕ ಮತ್ತು ಬಿರುಸು ಎರಡನ್ನೂ ನೋಡಿ ಆರಿಸಿ ಜೋಡಿಸುವವರು ಇದ್ದಾರೆ. ಆ ತಾಳ್ಮೆಗೆ ನನ್ನ ನಮಸ್ಕಾರ. ನಾನು ಕಾರ್ಬನ್ ಶಾಫ್ಟ್, ಅಂದರೆ ಬಾಣದ ಕಡ್ಡಿ, ತರಿಸಿ, ಅದಕ್ಕೆ ಗರಿ ಅಂಟಿಸಿಕೊಂಡೆ. ಈ ಇಡೀ ಓಟದಲ್ಲಿ ಹೆಚ್ಚು ಖರ್ಚಾಗಿದ್ದು ಇದಕ್ಕೇ. ಮರದ ಬಾಣವನ್ನೇ ಹೊಡೆಯಬೇಕಾದ ವಿಭಾಗಗಳೂ ಇವೆ. ನೀವು ಸ್ಪರ್ಧೆಗೆ ಹೋಗುವವರಾದರೆ ಕೊಳ್ಳುವ ಮೊದಲು ಆ ವಿಭಾಗದ ನಿಯಮ ಓದಿ.

ಶಾಫ್ಟ್ ತರಿಸುವಾಗ ಸ್ಪೈನ್ ಸಂಖ್ಯೆ ಎಲ್ಲರನ್ನೂ ಗೊಂದಲಕ್ಕೆ ಬೀಳಿಸುತ್ತದೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಶಾಫ್ಟ್ ಮಲಗಿಸಿ, ನಡುವೆ 880 ಗ್ರಾಂ ತೂಕ ತೂಗುಹಾಕಿದರೆ ಅದು ಎಷ್ಟು ಬಾಗುತ್ತದೆ ಅನ್ನುವುದೇ ಆ ಸಂಖ್ಯೆ. 0.6 ಇಂಚು ಬಾಗಿದರೆ 600. ಸಂಖ್ಯೆ ದೊಡ್ಡದಾದಷ್ಟೂ ಶಾಫ್ಟ್ ಮೆದು. ಅದರ ಜೊತೆಗೆ ಉದ್ದವೂ, ಮುಂದಿನ ಮೊನೆಯ ತೂಕವೂ ಲೆಕ್ಕಕ್ಕೆ ಬರುತ್ತವೆ. ಶಾಫ್ಟ್ ಕತ್ತರಿಸಿದರೆ ಬಿರುಸಾಗುತ್ತದೆ, ಮೊನೆ ಭಾರವಾದರೆ ಮೆದುವಾಗುತ್ತದೆ. ಉದ್ದದ ಶಾಫ್ಟನ್ನೇ ತರಿಸಿ, ಕಾಲು ಇಂಚು, ಕಾಲು ಇಂಚು ಅಂತ ಕತ್ತರಿಸುತ್ತಾ ಹೋಗಿ. ಒಮ್ಮೆ ಕತ್ತರಿಸಿದರೆ ಮತ್ತೆ ಉದ್ದ ಮಾಡಲಾಗುವುದಿಲ್ಲವಲ್ಲ. ನಾನು ಮೊದಲು ಎರಡೇ ಎರಡು ಬಾಣ ಸರಿಮಾಡಿಕೊಂಡು, ಆಮೇಲೆ ಉಳಿದವನ್ನು ಅದೇ ಅಳತೆಗೆ ಕತ್ತರಿಸಿದೆ.

ಸರಿಯಾಗಿದೆಯೇ ಇಲ್ಲವೇ ಅಂತ ನೋಡುವುದು ಗರಿ ಇಲ್ಲದ ಬಾಣದಿಂದ. ಗರಿ ಇರುವ ಮೂರು, ಗರಿ ಇಲ್ಲದ ಎರಡು ಬಾಣಗಳನ್ನು 20 ಮೀಟರಿನಿಂದ ಬಿಡಿ. ಹೆದೆಯನ್ನು ಬಲಗೈಯಲ್ಲಿ ಎಳೆಯುವವರಿಗೆ ಗರಿ ಇಲ್ಲದ್ದು ಎಡಕ್ಕೆ ಬಿದ್ದರೆ ಬಾಣ ಬಿರುಸು, ಬಲಕ್ಕೆ ಬಿದ್ದರೆ ಮೆದು. ಮೇಲೆ ಬಿದ್ದರೆ ಹೆದೆಯ ಮೇಲಿನ ನಾಕಿಂಗ್ ಪಾಯಿಂಟ್ (ಬಾಣ ಸಿಕ್ಕಿಸುವ ಗುರುತು) ತಗ್ಗಿನಲ್ಲಿದೆ, ಕೆಳಗೆ ಬಿದ್ದರೆ ಎತ್ತರದಲ್ಲಿದೆ ಎಂದರ್ಥ. ಗರಿ ಇಲ್ಲದ ಬಾಣದ ಹಿಂಭಾಗಕ್ಕೆ ಗರಿಯ ತೂಕದಷ್ಟು ಟೇಪ್ ಸುತ್ತುವುದನ್ನು ಮರೆಯಬೇಡಿ. ಇನ್ನೊಂದು ಎಚ್ಚರ: ತೀರಾ ಮೆದುವಾದ ಬಾಣ ಬಿಲ್ಲಿಗೆ ತಾಗಿ ಎಡಕ್ಕೆ ಚಿಮ್ಮುತ್ತದೆ, ಬಿರುಸಾದ ಬಾಣದ ಹಾಗೆಯೇ ಕಾಣಿಸುತ್ತದೆ. ಬಿಡುವಾಗ ಟಕ್ ಅಂತ ಸದ್ದು ಕೇಳಿದರೆ ಅದನ್ನು ಅನುಮಾನಿಸಿ. ಈ ಹಂತದಲ್ಲಿ ಆತುರ ಮಾಡಿದರೆ ಮುಂದಿನ ಅಭ್ಯಾಸವೆಲ್ಲ ಮರಳಿನ ಮೇಲೆ ಕಟ್ಟಿದ ಗೋಡೆಯಾಗುತ್ತದೆ.

ಬಾಣ ಸಿದ್ಧವಾದ ಮೇಲೆ ಬಂದ ಸಮಸ್ಯೆ ದೊಡ್ಡದು. ನಾನು ಮೊದಲಿನಿಂದ ಮೂರೂ ಬೆರಳನ್ನು ಬಾಣದ ಕೆಳಗೆ ಇಟ್ಟು ಎಳೆಯುತ್ತಿದ್ದೆ. ಅದರಲ್ಲಿ ಬಾಣ ಕಣ್ಣಿಗೆ ಹತ್ತಿರ ಇರುತ್ತದೆ, ಹತ್ತಿರದ ಗುರಿಗೆ ತುಂಬಾ ಅನುಕೂಲ. ಬಾಣದ ಮೊನೆಯನ್ನು ನೇರವಾಗಿ ನಡುವಿನ ಹಳದಿಗೆ ಇಟ್ಟರೆ ಬಾಣವೂ ಅಲ್ಲಿಗೇ ಹೋಗುವ ಒಂದು ದೂರ ಪ್ರತಿಯೊಬ್ಬರಿಗೂ ಇರುತ್ತದೆ. ಪಾಯಿಂಟ್ ಆನ್ ಅನ್ನುವುದು ಅದಕ್ಕೇ. ನನ್ನದು 35 ಮೀಟರಿನ ಆಸುಪಾಸಿನಲ್ಲಿತ್ತು. ಅಂದರೆ 50 ಮೀಟರಿನಲ್ಲಿ ಮೊನೆಯನ್ನು ಹಳದಿಗಿಂತ ಸುಮಾರು ಒಂದೂವರೆ ಮೀಟರ್ ಮೇಲೆ ಹಿಡಿಯಬೇಕು. ಅಲ್ಲಿ ಹಾಳೆಯೂ ಇಲ್ಲ, ಟಾರ್ಗೆಟ್ಟೂ ಇಲ್ಲ, ಬರೀ ಬಯಲು. ಕಣ್ಣಿಗೆ ನೆಚ್ಚಿಕೊಳ್ಳಲು ಏನೂ ಇಲ್ಲದ ಜಾಗದಲ್ಲಿ ಮೊನೆಯನ್ನು ನಿಲ್ಲಿಸುವುದು ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು.

ದಾರಿಗಳು ಇದ್ದವು. ಇನ್ನೂ ಬಿರುಸಾದ ಬಿಲ್ಲು ತೆಗೆದುಕೊಳ್ಳಬಹುದು. ಆಂಕರ್ ಅನ್ನು, ಅಂದರೆ ಎಳೆದ ಕೈ ಮುಖದ ಮೇಲೆ ಬಂದು ಕೂರುವ ಜಾಗವನ್ನು, ಕೆಳಗಿಳಿಸಬಹುದು. ಇಲ್ಲವೇ ಒಂದು ಬೆರಳು ಬಾಣದ ಮೇಲೆ, ಎರಡು ಕೆಳಗೆ ಇಡುವ ಹಳೆಯ ಪದ್ಧತಿಗೆ ಬದಲಾಗಬಹುದು. ಮೈದಾನದ ಹಿರಿಯರೊಬ್ಬರು ನಾನು ಎಳೆಯುವುದನ್ನು ಬಹಳ ಹೊತ್ತು ನೋಡಿ, "ಬಿಲ್ಲು ಬದಲಿಸಬೇಡಿ. ಈ 35 ಪೌಂಡೇ ನಿಮಗೆ ಕೊನೆಯ ಬಾಣದವರೆಗೂ ಹತೋಟಿಯಲ್ಲಿ ಇರೋದು. ಬೆರಳು ಬದಲಿಸಿ," ಅಂದರು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಬೆರಳು ಬದಲಿಸಿದ ಮೇಲೆ ಬಾಣದ ಹಿಂತುದಿ ಕಣ್ಣಿನಿಂದ ಇನ್ನಷ್ಟು ಕೆಳಗೆ ಹೋಯಿತು, ಪಾಯಿಂಟ್ ಆನ್ ಹೆಚ್ಚುಕಡಿಮೆ 50 ಮೀಟರಿಗೇ ಬಂದು ನಿಂತಿತು. ಆದರೆ ಬೆರಳುಗಳು ಹೊಸದಾಗಿ ಕಲಿಯಬೇಕಾಯಿತು. ನಾಕಿಂಗ್ ಪಾಯಿಂಟನ್ನು ಮತ್ತೆ ಹೊಂದಿಸಬೇಕಾಯಿತು. ತೋರುಬೆರಳಿನ ಬದಿಯ ಚರ್ಮ ಉಜ್ಜಿ ಗುಳ್ಳೆ ಎದ್ದಿತು, ಅದು ಮಾಯುವವರೆಗೆ ಬಿಲ್ಲು ಮುಟ್ಟಲಿಲ್ಲ. ನಡುವೆ ತಡೆಗಟ್ಟೆ ಇರುವ ಟ್ಯಾಬ್ ತೆಗೆದುಕೊಂಡರೆ ಬೆರಳು ಬಾಣದ ನಾಕ್ ಅನ್ನು, ಅಂದರೆ ಹೆದೆಗೆ ಸಿಕ್ಕಿಸುವ ಹಿಂತುದಿಯನ್ನು, ಹಿಸುಕುವುದಿಲ್ಲ. ಈ ಬದಲಾವಣೆಗೆ ಹೊರಟವರು ಟ್ಯಾಬನ್ನು ಮೊದಲ ದಿನವೇ ಬದಲಿಸಿ.

ಆಮೇಲೆ ಗ್ಯಾಪ್ ಬರೆಯುವ ಕೆಲಸ. ಪ್ರತಿ ದೂರಕ್ಕೂ ಮೊನೆ ಹಳದಿಗಿಂತ ಎಷ್ಟು ಕೆಳಗೆ ಇರಬೇಕು ಅಂತ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋದೆ. ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದು ಸಿಕ್ಕಿತು. 20 ಮೀಟರಿನಲ್ಲಿ ಗ್ಯಾಪ್ ಸುಮಾರು 1.2 ಮೀಟರ್. 30ರಲ್ಲೂ ಅಷ್ಟೇ. 40ಕ್ಕೆ ಬಂದರೆ 80 ಸೆಂಟಿಮೀಟರ್, 10 ಮೀಟರಿನಲ್ಲೂ ಹೆಚ್ಚುಕಡಿಮೆ ಅದೇ. ಅಳತೆಯಲ್ಲಿ ಏನೋ ಎಡವಟ್ಟು ಅನ್ನಿಸುವ ಹಾಗಿದೆ, ಅಲ್ವಾ? ಇಲ್ಲ. ಬಾಣ ಹೋಗುವುದು ಕಮಾನಿನ ದಾರಿಯಲ್ಲಿ. ಪಾಯಿಂಟ್ ಆನ್ ದೂರದ ಅರ್ಧದಲ್ಲಿ, ಅಂದರೆ ನನಗೆ 25 ಮೀಟರಿನ ಹತ್ತಿರ, ಅದು ನೋಟದ ಗೆರೆಗಿಂತ ಅತಿ ಎತ್ತರದಲ್ಲಿರುತ್ತದೆ. ಅದರ ಎರಡೂ ಬದಿಗೆ ಗ್ಯಾಪ್ ಕಡಿಮೆಯಾಗುತ್ತದೆ. ಇದು ಅರ್ಥವಾದ ಮೇಲೆ ನಡುವಿನ ದೂರಗಳನ್ನು ಊಹಿಸುವುದು ಸುಲಭವಾಯಿತು. ನನ್ನ ಅಂಕಿಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ಬಿಲ್ಲು, ಬಾಣ, ಮುಖದ ಅಳತೆ ಬದಲಾದರೆ ಎಲ್ಲವೂ ಬದಲಾಗುತ್ತದೆ. ನಿಮ್ಮ ಪುಸ್ತಕ ನೀವೇ ಬರೆಯಬೇಕು.

ಅದೇ ಪುಸ್ತಕದಲ್ಲಿ ಪ್ರತಿ ಬಾಣಕ್ಕೂ ಒಂದು ನಂಬರ್ ಕೊಟ್ಟು, ಎಲ್ಲಿ ಬಿತ್ತು ಅಂತ ಚುಕ್ಕಿ ಇಡುತ್ತಿದ್ದೆ. ಒಂದು ನಂಬರಿನ ಬಾಣ ಸದಾ ಬಲಕ್ಕೇ ಹೋಗುತ್ತಿತ್ತು. ಬೆಳಕಿಗೆ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿದಾಗ ನಾಕ್ ಹತ್ತಿರ ಕೂದಲೆಳೆಯ ಬಿರುಕು ಕಂಡಿತು. ಅವತ್ತೇ ಅದನ್ನು ಮುರಿದು ಎಸೆದೆ. ಕಾರ್ಬನ್ ಬಾಣ ಬಿಡುವಾಗ ಒಡೆದರೆ ಚೂರುಗಳು ಬಿಲ್ಲು ಹಿಡಿದ ಕೈಯೊಳಗೆ ನುಗ್ಗುತ್ತವೆ. ಗಟ್ಟಿ ಜಾಗಕ್ಕೆ ತಾಗಿದ ಬಾಣವನ್ನು ಬಗ್ಗಿಸಿ, ತಿರುಗಿಸಿ ನೋಡದೆ ಮತ್ತೆ ಹೆದೆಗೆ ಏರಿಸಲೇಬೇಡಿ. ಬ್ರೇಸ್ ಹೈಟನ್ನೂ, ಅಂದರೆ ಹಿಡಿಕೆಗೂ ಹೆದೆಗೂ ಇರುವ ಅಂತರವನ್ನೂ, ಪ್ರತಿ ಸಲ ಅಳೆದು ಅಲ್ಲೇ ಬರೆದುಕೊಳ್ಳಿ. ಹೊಸ ಹೆದೆ ಹಿಗ್ಗಿ ಆ ಅಂತರ ಕಡಿಮೆಯಾಗುತ್ತದೆ. ಹತ್ತಿರದಲ್ಲಿ ಅದು ಗೊತ್ತಾಗುವುದಿಲ್ಲ, 50ರಲ್ಲಿ ಗ್ಯಾಪ್ ಲೆಕ್ಕವೇ ಕೆಡುತ್ತದೆ. ಹೆದೆಯನ್ನು ಇನ್ನೊಂದಿಷ್ಟು ಸುತ್ತು ತಿರುಚಿದರೆ ಸರಿಹೋಗುತ್ತದೆ.

ನಿರೀಕ್ಷಿಸದೇ ಇದ್ದ ಅಡ್ಡಿ ಕನ್ನಡಕದ್ದು. 20 ಮೀಟರಿನಲ್ಲಿ ಸ್ಪಷ್ಟವಾಗಿದ್ದ ಹಳದಿ 50ರಲ್ಲಿ ಕಲಸಿದ ಹಾಗೆ ಕಾಣುತ್ತಿತ್ತು. ಕಣ್ಣಿನ ಪರೀಕ್ಷೆಗೆ ಹೋದರೆ ನಂಬರ್ ಬದಲಾಗಿಲ್ಲ ಅಂದರು. ಮತ್ತೆ ಹೋದೆ. ಬಿಲ್ಲು ಎಳೆದಾಗ ತಲೆ ಹೇಗೆ ತಿರುಗಿರುತ್ತದೆ ಅಂತ ಕುರ್ಚಿಯಲ್ಲಿ ಕೂತೇ ತೋರಿಸಿದೆ. ಆಗ ವಿಷಯ ಬಯಲಾಯಿತು. ತಲೆಯನ್ನು ಭುಜದ ಕಡೆ ಪೂರ್ತಿ ತಿರುಗಿಸಿದಾಗ ಗುರಿ ನೋಡುವ ಕಣ್ಣು ಲೆನ್ಸಿನ ನಡುವಿನಿಂದ ನೋಡುವುದಿಲ್ಲ, ಮೂಗಿನ ಪಕ್ಕದ ಅಂಚಿನಿಂದ ನೋಡುತ್ತದೆ. ಫ್ರೇಮಿನಲ್ಲಿ ಮೂಗಿನ ಮೇಲೆ ಬರುವ ದಪ್ಪ ಸೇತುವೆಯೂ ಅಡ್ಡ ಬರುತ್ತಿತ್ತು. ಅಗಲ ಲೆನ್ಸ್, ತೆಳು ಸೇತುವೆಯ ಇನ್ನೊಂದು ಕನ್ನಡಕ ಮಾಡಿಸಿಕೊಂಡೆ. ಅದು ಕೈಗೆ ಬರುವವರೆಗೆ ಕಾಯಬೇಕಾಯಿತು, ಬಂದ ಮೇಲೆ ಆಂಕರನ್ನು ಮತ್ತೊಮ್ಮೆ ನೋಡಿಕೊಳ್ಳಬೇಕಾಯಿತು. ಕನ್ನಡಕ ಹಾಕುವವರು ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮುಗಿಸಿ. ಹಳೆಯ ಚೀಟಿ ಜೊತೆಯಲ್ಲಿ ಒಯ್ಯಿರಿ, ಬಿಲ್ಲು ಎಳೆದು ನಿಂತಿರುವ ಒಂದು ಫೋಟೊ ತೋರಿಸಿ. ಬಾಯಿಮಾತಿನಲ್ಲಿ ವಿವರಿಸುವುದಕ್ಕಿಂತ ಅದು ಬೇಗ ಅರ್ಥವಾಗುತ್ತದೆ.

ಈ ಹೊತ್ತಿಗೆ 40 ಮೀಟರ್ ಒಂದು ಮಟ್ಟಿಗೆ ಕೈಗೆ ಬಂದಿತ್ತು. 50ರಲ್ಲಿ ಬಾಣ ಇನ್ನೂ ಕೆಳಗೇ ಬೀಳುತ್ತಿತ್ತು, ಅದೂ ಒಂದೇ ಸಮನೆ ಅಲ್ಲ. ಹಿರಿಯರು ಹಿಂದೆ ನಿಂತು ನೋಡಿ ಕಾರಣ ಹೇಳಿದರು. ದೂರದ ಗುರಿಗೆ ಬಿಲ್ಲನ್ನು ಮೇಲೆತ್ತಲು ಬರೀ ತೋಳು ಎತ್ತಿದರೆ ಭುಜವೂ ಏರುತ್ತದೆ, ಎಳೆತ ಕಡಿಮೆಯಾಗುತ್ತದೆ, ಮುಖದ ಮೇಲಿನ ಕೈಯೂ ಜಾರುತ್ತದೆ. "ತೋಳು ಎತ್ತಬೇಡಿ, ಸೊಂಟದಿಂದ ವಾಲಿ," ಅಂತ ಅವರು ಹೇಳಿದ್ದು ಒಂದೇ ವಾಕ್ಯ. ಮೊದಲು ನೆಲಕ್ಕೆ ಸಮನಾಗಿ ತೋಳು ಚಾಚಿ, ಎದೆ ಮತ್ತು ತೋಳು ಸೇರಿ ಆದ ಅಡ್ಡಗೆರೆ ಕೆಡದ ಹಾಗೆ ಮೇಲಿನ ಮೈಯನ್ನು ಇಡಿಯಾಗಿ ವಾಲಿಸಬೇಕು. ಆಂಕರ್ ಒಂದೇ ಒಂದು ಮಿಲಿಮೀಟರ್ ಸರಿದರೂ 50 ಮೀಟರಿನಲ್ಲಿ 7 ಸೆಂಟಿಮೀಟರ್ ಆಚೀಚೆ ಆಗುತ್ತದೆ ಅನ್ನುವುದನ್ನು ನೆನಪಿಡಿ. ನಾನು ಎರಡು ಗುರುತು ಇಟ್ಟುಕೊಂಡೆ: ತೋರುಬೆರಳು ತುಟಿಯ ಮೂಲೆಗೆ, ಬಾಣದ ಗರಿ ಮೂಗಿನ ತುದಿಗೆ. ಎರಡೂ ತಾಗದೆ ಇದ್ದರೆ ಬಿಡುವಂತಿಲ್ಲ. ಎಡಬಲಕ್ಕೆ ಇನ್ನೊಂದು ಉಪಾಯ ಇದೆ. ಎಳೆದಾಗ ಕಣ್ಣಿನ ಮುಂದೆ ಹೆದೆ ಮಸುಕಾದ ಗೆರೆಯಾಗಿ ಕಾಣುತ್ತದೆ. ಆ ಮಸುಕು ಬಿಲ್ಲಿನ ಯಾವ ಭಾಗದ ಪಕ್ಕದಲ್ಲಿದೆ ಅಂತ ಪ್ರತಿ ಸಲ ಒಂದೇ ಜಾಗದಲ್ಲಿ ಇಟ್ಟುಕೊಂಡರೆ ಬಾಣಗಳು ಅಡ್ಡಕ್ಕೆ ಹರಡುವುದು ತುಂಬಾ ಕಡಿಮೆಯಾಗುತ್ತದೆ.

ಗಮನದ ವಿಷಯಕ್ಕೆ ಬರುತ್ತೇನೆ. ಇದು ಎಲ್ಲಕ್ಕಿಂತ ಹೆಚ್ಚು ಕಾಡಿತು. ಪಾಯಿಂಟ್ ಆನ್ 50ಕ್ಕೆ ಬಂದದ್ದರಿಂದ ಮೊನೆ ನೇರ ಹಳದಿಯ ಮೇಲೇ ಬಂದು ಕೂರುತ್ತದೆ. ಅದು ಹಳದಿ ಮುಟ್ಟಿದ ಕ್ಷಣವೇ ಬೆರಳು ತಾನಾಗಿ ತೆರೆದುಕೊಳ್ಳತೊಡಗಿತು. ಬಿಡಬೇಕು ಅಂತ ನಾನು ತೀರ್ಮಾನಿಸುವ ಮೊದಲೇ ಬಾಣ ಹೋಗಿರುತ್ತಿತ್ತು. ಕೆಲವು ದಿನ ಇನ್ನೂ ವಿಚಿತ್ರ: ಮೊನೆ ಹಳದಿಯ ಕೆಳಗೇ ಗಟ್ಟಿಯಾಗಿ ನಿಂತುಬಿಡುತ್ತಿತ್ತು, ಮೇಲೆ ತರಲು ಆಗುತ್ತಲೇ ಇರಲಿಲ್ಲ. ಟಾರ್ಗೆಟ್ ಪ್ಯಾನಿಕ್ ಅನ್ನುವುದು ಇದನ್ನೇ. ಒಳ್ಳೊಳ್ಳೆಯ ಬಿಲ್ಲುಗಾರರಿಗೂ ಬರುತ್ತದೆ. ಆ ವಾರಗಳಲ್ಲಿ ಮೈದಾನಕ್ಕೆ ಹೋಗಲೇ ಮನಸ್ಸು ಬರುತ್ತಿರಲಿಲ್ಲ. ಇನ್ನೂ ಜೋರಾಗಿ ಗುರಿ ಹಿಡಿದರೆ ಇದು ಹೋಗುವುದಿಲ್ಲ, ಹೆಚ್ಚಾಗುತ್ತದೆ.

ಹೋಗಿದ್ದು ಎರಡು ಅಭ್ಯಾಸಗಳಿಂದ. ಒಂದು, ನಾಲ್ಕೈದು ಹೆಜ್ಜೆ ದೂರದಲ್ಲಿ ಹಾಳೆಯೇ ಇಲ್ಲದ ಟಾರ್ಗೆಟ್ಟಿಗೆ ಬಾಣ ಬಿಡುವುದು. ನೋಡಲು ಗುರಿಯೇ ಇಲ್ಲದ್ದರಿಂದ ಮನಸ್ಸು ಬೆನ್ನಿನ ಮೇಲೆ, ಬೆರಳಿನ ಮೇಲೆ ನಿಲ್ಲುತ್ತದೆ. ಇನ್ನೊಂದು, 50ರಲ್ಲಿ ನಿಂತು ಪೂರ್ತಿ ಎಳೆದು, ಮೊನೆ ಹಳದಿಗೆ ತಂದು, ಬಾಣ ಬಿಡದೆ ಮೆಲ್ಲಗೆ ಇಳಿಸುವುದು. ಸುಮ್ನೆ ಇಳಿಸುವುದು ಅಷ್ಟೇ. ಹಳದಿ ಕಂಡ ಮಾತ್ರಕ್ಕೆ ಬಿಡಬೇಕಾಗಿಲ್ಲ ಅಂತ ಕೈಗೆ ಕಲಿಸುವುದು ಇದೇ. ಮೊದಮೊದಲು ಇಳಿಸುವುದು ಬಿಡುವುದಕ್ಕಿಂತ ಕಷ್ಟವಾಯಿತು. ಬಿಡದೆ ಇಳಿಸಲು ಬಂದ ದಿನವೇ ನನಗೆ ಧೈರ್ಯ ಬಂತು. ಈ ಅಭ್ಯಾಸಕ್ಕೆ ನಿಮ್ಮದಕ್ಕಿಂತ ಹಗುರದ ಬಿಲ್ಲು ಸಾಲ ಸಿಕ್ಕರೆ ತುಂಬಾ ಒಳ್ಳೆಯದು.

ಅದರಿಂದ ಒಂದು ಕ್ರಮ ಬೆಳೆಯಿತು. ಎಳೆಯುವ ಮೊದಲು ಒಂದು ಉಸಿರು ಪೂರ್ತಿ ಹೊರಗೆ. ಎಳೆದು ಕೈ ಮುಖಕ್ಕೆ ಬಂದಾಗ ತುಟಿ, ಮೂಗು, ಹೆದೆಯ ಮಸುಕು ನೋಡಿಕೊಳ್ಳುವುದು. ಆಮೇಲೆ ಮೊನೆಯನ್ನು ಜಾಗಕ್ಕೆ ತರುವುದು. ಅಲ್ಲಿಗೆ ಗುರಿಯ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಮನಸ್ಸೆಲ್ಲ ಎಳೆಯುವ ಕೈಯ ಹಿಂದಿನ ಭುಜದೆಲುಬಿನ ಮೇಲೆ. ಅದು ಬೆನ್ನೆಲುಬಿನ ಕಡೆ ಸರಿಯುತ್ತಲೇ ಇರಬೇಕು. ಮೊನೆ ಸ್ವಲ್ಪ ಅಲುಗಾಡುತ್ತದೆ, ಅಲುಗಾಡಲಿ. ಅದನ್ನು ನಿಲ್ಲಿಸಲು ಹೋದರೆ ಎಳೆತ ನಿಲ್ಲುತ್ತದೆ. ಎಳೆತ ನಿಂತರೆ ಬಾಣ ಕೆಳಗೆ ಬೀಳುತ್ತದೆ. ಕಣ್ಣು ಮಾತ್ರ ಹಳದಿಯ ಮೇಲೇ ಚೂಪಾಗಿರಲಿ, ಮೊನೆ ಮಸುಕಾಗಿ ಕಂಡರೆ ಸಾಕು. ಮೊನೆಯನ್ನೇ ಚೂಪಾಗಿ ನೋಡುವವರೂ ಇದ್ದಾರೆ, ನನಗೆ ಅದು ಒಗ್ಗಲಿಲ್ಲ. ಬಾಣ ಟಾರ್ಗೆಟ್ಟಿಗೆ ತಾಗಿದ ಸದ್ದು ಕೇಳುವವರೆಗೂ ಬಿಲ್ಲಿನ ಕೈ ಇದ್ದಲ್ಲೇ ಇರಬೇಕು. ಜಪಾನಿನ ಕ್ಯೂದೋದಲ್ಲಿ ಬಾಣ ಬಿಡುವುದನ್ನು ಎಂಟು ಹಂತಗಳಾಗಿ ಕಲಿಸುತ್ತಾರೆ. ಅದರಲ್ಲಿ ಕೊನೆಯದು ಜಾನ್‌ಶಿನ್, ಬಾಣ ಹೋದ ಮೇಲೂ ಹಾಗೇ ನಿಲ್ಲುವುದು. ಅದಕ್ಕೆ ಒಂದು ಪೂರ್ತಿ ಹಂತದ ಬೆಲೆ ಕೊಟ್ಟಿರುವುದು ಎಷ್ಟು ಸರಿ ಅಂತ 50 ಮೀಟರಿನಲ್ಲಿ ನನಗೆ ಮನವರಿಕೆಯಾಯಿತು.

ನಡುವೆ ಎಳೆಯುವ ಕೈಯ ಭುಜ ನೋಯತೊಡಗಿ ಕೆಲವು ವಾರ ಬಿಡುವು ತೆಗೆದುಕೊಂಡೆ. ಆಗ ರಬ್ಬರ್ ಪಟ್ಟಿಯಲ್ಲಿ ಹಗುರವಾದ ಕಸರತ್ತು ಮಾತ್ರ. ವಾಪಸ್ ಬಂದ ಮೇಲೆ ಗುಂಪು ಹರಡತೊಡಗಿದ ಕೂಡಲೇ ಅವತ್ತಿನ ಅಭ್ಯಾಸ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡೆ. ದಣಿದ ಬೆನ್ನಿನಿಂದ ಬಿಟ್ಟ ಬಾಣಗಳು ಕೆಟ್ಟ ಅಭ್ಯಾಸವನ್ನೇ ಗಟ್ಟಿಮಾಡುತ್ತವೆ. ದೂರದ ಅಭ್ಯಾಸ ಮುಗಿಸುವಾಗ ಕೊನೆಗೆ 20 ಮೀಟರಿಗೆ ಬಂದು ಕೆಲವು ಬಾಣ ಬಿಟ್ಟು ಹೋಗಿ. ಮನಸ್ಸು ಹಗುರವಾಗಿ ಮನೆಗೆ ಹೋಗುತ್ತೀರಿ.

ರೌಂಡಿನ ದಿನ ಆರು ಬಾಣಕ್ಕೆ ನಾಲ್ಕು ನಿಮಿಷ. ಕೇಳಲು ಕಡಿಮೆ ಅನ್ನಿಸಿದರೂ ಸಮಯ ಧಾರಾಳವಾಗಿತ್ತು. ಎರಡು ಸಲ ಎಳೆದು ಇಳಿಸಿ, ಮತ್ತೆ ಎಳೆದು ಬಿಡಲು ಸಮಯ ಸಿಕ್ಕಿತು. ಬಿಡುವ ಸಮಯಕ್ಕಿಂತ ಕಾಯುವ ಸಮಯ ಜಾಸ್ತಿ. ಪಕ್ಕದವರ ಹಾಳೆ ನೋಡುತ್ತಾ ನಿಂತರೆ ತಲೆ ಕೆಡುತ್ತದೆ. ನಾನು ಪುಸ್ತಕ ತೆಗೆದು ಚುಕ್ಕಿ ಇಡುತ್ತಾ ಕೂತೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದು ಬಾಣಗಳು ಎಡಕ್ಕೆ ಸರಿಯತೊಡಗಿದವು. ಮೊನೆಯನ್ನು ಹಳದಿಯ ಬಲಕ್ಕೆ, ಕೆಂಪು ವೃತ್ತದ ಮೇಲೆ ಇಟ್ಟು ಉಳಿದ ಬಾಣಗಳನ್ನು ಮುಗಿಸಿದೆ. ಹೊರಗೆ ಹೋದ ಬಾಣಗಳು ಹೆಚ್ಚಿನವು ಆ ಹೊತ್ತಿನವೇ. ಉಳಿದವೆಲ್ಲ ಹಾಳೆಯ ಒಳಗೇ ಇದ್ದವು, ಬೆಳಗಿನ ಕೆಲವು ಸುತ್ತುಗಳಲ್ಲಂತೂ ಆರೂ ಬಾಣ ನೀಲಿಯ ಒಳಗೆ ಸೇರಿದ್ದವು. ಅದನ್ನು ನೋಡಿ ಆದ ಸಂತೋಷ ಹೇಳಿ ಮುಗಿಯುವುದಿಲ್ಲ.

ಗಾಳಿಯ ದಿನ ಮೊನೆ ಎಷ್ಟು ಪಕ್ಕಕ್ಕೆ ಇಡಬೇಕು ಅನ್ನುವುದು ನನ್ನ ಪುಸ್ತಕದಲ್ಲಿ ಇನ್ನೂ ಖಾಲಿ ಇದೆ. ಗರಿಯ ಬಾಣಕ್ಕೆ ಗಾಳಿ ಬೇಗ ಹಿಡಿಯುತ್ತದೆ, ಗರಿಯನ್ನು ಸ್ವಲ್ಪ ಗಿಡ್ಡ ಮಾಡಿ ನೋಡಬೇಕು ಅಂತ ಹಿರಿಯರು ಹೇಳಿದ್ದಾರೆ. ಮೂರು ಬಾಣಕ್ಕೆ ಗಿಡ್ಡ ಗರಿ ಅಂಟಿಸಿದ್ದೇನೆ, ಅಂಟು ಒಣಗಿದ ಮೇಲೆ 40 ಮೀಟರಿನಿಂದ ಶುರುಮಾಡುತ್ತೇನೆ.